ಆಶಾ ಅಕ್ಕಂದಿರ ಮಾತು ಕೇಳುವ ಕೆಲಸ: ಇಲ್ಲಿವರೆಗಿನ ವರದಿ

ಈ ಕೆಲಸ ಎಲ್ಲಿಗೆ ಬಂತು ಅಂತ ಕೆಲವರು ಕೇಳುತ್ತಿದ್ದರು. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಹೊಸದಾಗಿ ಓದುವವರಿಗೆ ಎರಡು ಮಾತು: ನಾನು ಸೈಕಾಲಜಿ ಓದಿದವಳು, ಹೊಟ್ಟೆಪಾಡಿಗೆ ಬೇರೆ ನೌಕರಿ. ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುವ ಗೆಳತಿಯ ಜೊತೆ ಸೇರಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನ ಆಶಾ ಕಾರ್ಯಕರ್ತೆಯರನ್ನು ಮಾತಾಡಿಸುತ್ತಿದ್ದೇನೆ. ಊರಿನವರ ಕಷ್ಟ ಕೇಳೋದು ಇವರ ಕೆಲಸ. ಕೇಳಿಸಿಕೊಂಡಿದ್ದು ಇವರ ಮನಸ್ಸಿನಲ್ಲಿ ಏನಾಗುತ್ತದೆ ಅನ್ನೋದು ನಮ್ಮ ಪ್ರಶ್ನೆ.

ದುಡ್ಡು ಕೊಡುವವರು ಯಾರೂ ಇಲ್ಲ. ರಜಾದಿನಗಳಲ್ಲಿ ಮಾಡುವ ಕೆಲಸ. ಆದರೆ ಸಂಶೋಧನೆಯಿಂದ ಯಾರಿಗೂ ತೊಂದರೆ ಆಗದಂತೆ ನೋಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆಯನ್ನು ಗೆಳತಿಯ ಕಾಲೇಜಿನಿಂದ ಮೊದಲೇ ಪಡೆದಿದ್ದೇವೆ. ಒಬ್ಬರನ್ನು ಕೂರಿಸಿಕೊಂಡು ಅವರ ಸಂಕಟ ಕೇಳುವ ಕೆಲಸಕ್ಕೆ, ಹವ್ಯಾಸಕ್ಕೆ ಮಾಡಿದರೂ ಸರಿ, ಅದಿಲ್ಲದೆ ಕೈ ಹಾಕಬಾರದು.

ಯಾಕೆ ಇವರನ್ನೇ ಕೇಳುತ್ತಿದ್ದೇವೆ

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಗಿದ್ದು 2005ರಲ್ಲಿ. ಆಶಾ ಯೋಜನೆ ಬಂದಿದ್ದು ಅದರ ಜೊತೆಗೇ. ಲೆಕ್ಕ ಏನೆಂದರೆ ಸುಮಾರು ಸಾವಿರ ಜನಕ್ಕೆ ಒಬ್ಬರು, ಅದೇ ಊರಿನ ಹೆಣ್ಣುಮಗಳು. ಗರ್ಭಿಣಿಯರ ಪಟ್ಟಿ, ತಾಯಿ ಕಾರ್ಡ್, ಲಸಿಕೆ, ಬಾಣಂತಿ ಮನೆ ಭೇಟಿ, ಟಿಬಿ ಮಾತ್ರೆ, ಸರ್ವೆ ಮೇಲೆ ಸರ್ವೆ. ಸಿಗೋದು ಸಂಬಳ ಅಲ್ಲ. ಗೌರವಧನ ಮತ್ತು ಕೆಲಸದ ಲೆಕ್ಕಕ್ಕೆ ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಗ್ಲೋಬಲ್ ಹೆಲ್ತ್ ಲೀಡರ್ಸ್ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಇದೇ ಅಕ್ಕಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ರಾತ್ರಿ ಹಗಲು ಕೂತು ಗೌರವಧನ ಹೆಚ್ಚಿಸಿ ಅಂತ ಕೇಳಬೇಕಾಯಿತು.

ದುಡ್ಡಿನ ಬೇಡಿಕೆ ನೂರಕ್ಕೆ ನೂರು ನ್ಯಾಯ. ಆದರೆ ನಾವು ಹಿಡಿದಿರುವುದು ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಕೆಲಸವನ್ನು. ಹೆರಿಗೆ ನೋವಿನಲ್ಲಿ ಹೆದರಿದವಳ ಕೈ ಹಿಡಿಯೋದು, ಗಂಡ ಕುಡಿದು ಹೊಡೆದ ಅಂತ ರಾತ್ರಿ ಬಾಗಿಲು ತಟ್ಟಿದವಳನ್ನು ಒಳಗೆ ಕರೆಯೋದು, ಮಗು ಕಳೆದುಕೊಂಡವಳ ಪಕ್ಕ ಕೂರೋದು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿ 1983ರಲ್ಲಿ ಒಂದು ವಿಷಯ ತೋರಿಸಿದರು. ಮುಖದಲ್ಲಿ ನಗು ಇಟ್ಟುಕೊಳ್ಳೋದು, ಒಳಗಿನ ಸಿಟ್ಟು ನುಂಗೋದು ಕೂಡ ದುಡಿಮೆಯೇ, ಅದಕ್ಕೂ ದಣಿವಿದೆ ಅಂತ. ಗಗನಸಖಿಯ ಪ್ರಯಾಣಿಕರು ಇಳಿದು ಹೋಗುತ್ತಾರೆ. ಆಶಾಳ ಊರು ಎಲ್ಲಿಗೂ ಹೋಗಲ್ಲ. ಈ ವ್ಯತ್ಯಾಸವೇ ನನ್ನನ್ನು ಈ ಕೆಲಸಕ್ಕೆ ಎಳೆದಿದ್ದು.

ಇನ್ನೊಂದು ಕಾರಣವೂ ಇದೆ. ಹಳ್ಳಿಯ ಸಾಮಾನ್ಯ ಆರೋಗ್ಯ ಸಿಬ್ಬಂದಿಯೇ ಮನಸ್ಸಿನ ಕಾಯಿಲೆ ಗುರುತಿಸಬಹುದು ಅನ್ನೋದನ್ನು ಮಾಡಿ ತೋರಿಸಿದ್ದು ನಮ್ಮ ರಾಜ್ಯ. ನಿಮ್ಹಾನ್ಸ್‌ನವರು 1970ರ ದಶಕದಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಈ ಪ್ರಯೋಗ ಮಾಡಿದರು. 80ರ ದಶಕದಲ್ಲಿ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಆಮೇಲೆ ಗೋವಾದಲ್ಲಿ ಸಂಗಾತ್ ಸಂಸ್ಥೆ, ಡಾಕ್ಟರುಗಳಲ್ಲದವರೂ ತರಬೇತಿ ಸಿಕ್ಕರೆ ಖಿನ್ನತೆಗೆ ಒಳ್ಳೆಯ ಕೌನ್ಸೆಲಿಂಗ್ ಕೊಡಬಲ್ಲರು ಅಂತ ದೊಡ್ಡ ಪ್ರಯೋಗಗಳಲ್ಲಿ ತೋರಿಸಿತು. ಎಲ್ಲ ಸರಿ. ಆದರೆ ಓದು ಮುಗಿಸಿದ ಕೌನ್ಸೆಲರ್‌ಗೆ ಸೂಪರ್‌ವಿಷನ್ ಅಂತ ಒಂದಿರುತ್ತದೆ. ತಾನು ಕೇಳಿದ್ದನ್ನು ಅನುಭವಿಗಳ ಹತ್ತಿರ ಹೇಳಿಕೊಂಡು ಹಗುರಾಗಿ ವಾಪಸ್ ಬರುತ್ತಾಳೆ. ಅದೇ ಕೆಲಸವನ್ನು ಹೆಸರಿಲ್ಲದೆ ಮಾಡುವ ಆಶಾಗೆ ಆ ಜಾಗ ಎಲ್ಲಿದೆ? ನಮ್ಮ ಯೋಜನೆಯ ಬೇರು ಇದೇ.

ಜಾಗ ಹುಡುಕಿದ್ದು

ಮೊದಲ ಹಂತದಲ್ಲಿ ಜಾಸ್ತಿ ಯೋಚನೆ ಮಾಡಿದ್ದು ಎಲ್ಲಿ ಕೂತು ಮಾತಾಡೋದು ಅಂತ. ಪಿಎಚ್‌ಸಿಯಲ್ಲಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗಲ್ಲ. ಡಾಕ್ಟರು, ಸಿಸ್ಟರು, ಆಶಾಗಳ ಕೆಲಸ ನೋಡಿಕೊಳ್ಳುವ ಫೆಸಿಲಿಟೇಟರು ಓಡಾಡುತ್ತಿರುತ್ತಾರೆ. ಮನೆಯಲ್ಲಿ ಅತ್ತೆ ಇರುತ್ತಾರೆ, ನೆಂಟರು ಬರುತ್ತಾರೆ. ಎರಡು ಜಾಗ ಚೆನ್ನಾಗಿ ಹೊಂದಿತು. ಒಂದು, ಮಕ್ಕಳು ಮನೆಗೆ ಹೋದ ಮೇಲಿನ ಅಂಗನವಾಡಿ. ಇನ್ನೊಂದು, ಅವರ ಜೊತೆಗೇ ಮನೆ ಭೇಟಿಗೆ ನಡೆಯೋದು. ನಡೆಯುವಾಗ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಿಲ್ಲ. ದಾರಿಯಲ್ಲಿ ಒಂದು ಮನೆ ಕಂಡರೆ ಅದರ ಕಥೆ ತಾನಾಗಿ ಬರುತ್ತದೆ. ಸುಮ್ನೆ ಇದ್ದರೂ ಮುಜುಗರ ಆಗಲ್ಲ. ನೆನಪು ಬೇಕಾದ ಸಂದರ್ಶನಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಕಂಡಿಲ್ಲ. ಗಾಳಿಯಿಂದ ರೆಕಾರ್ಡಿಂಗ್ ಕೆಡುತ್ತದೆ, ಅದಕ್ಕೆ ಕಾಲರ್ ಮೈಕಿಗೆ ಸ್ಪಂಜಿನ ತೊಪ್ಪಿಗೆ ಹಾಕಿದೆವು.

ಪ್ರಶ್ನೆಗಳನ್ನೂ ಹಾಗೇ ಇಟ್ಟೆವು. 'ನಿಮಗೆ ಒತ್ತಡ ಇದೆಯಾ' ಅಂತ ಕೇಳಿದರೆ 'ಇದೆ ಮೇಡಂ, ಎಲ್ಲರಿಗೂ ಇರುತ್ತಲ್ಲ' ಅನ್ನೋ ಉತ್ತರ ಬರುತ್ತದೆ. ಅಲ್ಲಿಗೆ ಮಾತು ನಿಂತಿತು. 'ನಿನ್ನೆ ಬೆಳಿಗ್ಗೆ ಎದ್ದಾಗಿಂದ ಏನೇನಾಯ್ತು ಹೇಳಿ ಅಕ್ಕ' ಅಂದರೆ ಒಂದು ಗಂಟೆ ಸಾಲದು.

ಒಪ್ಪಿಗೆ ಪತ್ರವನ್ನು ಓದಿ ಹೇಳುತ್ತೇವೆ. ಯಾವಾಗ ಬೇಕಾದರೂ ನಿಲ್ಲಿಸಬಹುದು, ಆಮೇಲೆ ಬೇಡ ಅನಿಸಿದರೆ ಅಳಿಸಿಬಿಡುತ್ತೇವೆ. ಮಾತಿನ ಮಧ್ಯೆ ಯಾರಾದರೂ ಅತ್ತರೆ ರೆಕಾರ್ಡರ್ ಬಂದ್, ಆ ದಿನಕ್ಕೆ ಸಂಶೋಧನೆಯೂ ಬಂದ್. ಬೇಕಾದವರಿಗೆ ಟೆಲಿ ಮಾನಸ್ 14416 ನಂಬರ್ ಕೊಡುತ್ತೇವೆ. ಅದು 2022ರಿಂದ ನಡೆಯುತ್ತಿರುವ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಸಂಕಟದ ಮಾತು ಬೇರೆಯವರಿಗೆ ಗೊತ್ತಾಗಬಾರದು ಅನ್ನೋದು ಹೇಗೂ ಇದ್ದೇ ಇದೆ. ಆದರೆ ಒಂದು ತಾಲ್ಲೂಕಿನಲ್ಲಿ ಬಾಣಂತಿ ತೀರಿಕೊಂಡರೆ ಅದು ಎಲ್ಲರಿಗೂ ಗೊತ್ತಿರುತ್ತದೆ. ಆಶಾಳ ಹೆಸರು ಮುಚ್ಚಿದರೂ ಘಟನೆ ಅವಳನ್ನು ತೋರಿಸಿಕೊಡುತ್ತದೆ. ತಾಲ್ಲೂಕಿನ ಹೆಸರು ಬರೆಯದಿರೋದು ಅದಕ್ಕೇ. ಕೆಳಗೆ ಕೊಟ್ಟಿರುವ ಮಾತನ್ನು ಆ ಅಕ್ಕನಿಗೆ ಓದಿ ಹೇಳಿ, ಗುರುತು ಸಿಗುವ ವಿವರ ತೆಗೆದು, ಅವರು ಹೂಂ ಅಂದ ಮೇಲೆ ಹಾಕುತ್ತಿದ್ದೇನೆ.

ಬರೆದುಕೊಂಡಿದ್ದು, ಕೋಡ್ ಮಾಡಿದ್ದು

ಮಾತನ್ನು ಅಕ್ಷರಕ್ಕೆ ಇಳಿಸುವ ಸಾಫ್ಟ್‌ವೇರ್‌ಗಳು ಪುಸ್ತಕದ ಕನ್ನಡಕ್ಕೆ ಪರವಾಗಿಲ್ಲ. ನಮ್ಮ ಕಡೆಯ ಮಾತಿಗೆ ಎಡವುತ್ತವೆ. ಕೈಯಲ್ಲೇ ಬರೆಯುತ್ತಿದ್ದೇವೆ. ಒಂದು ಗಂಟೆಯ ಮಾತಿಗೆ ಇಡೀ ಭಾನುವಾರ ಬೇಕು. ಆದರೆ ಬರೆಯುವಾಗಲೇ ವಿಶ್ಲೇಷಣೆ ಶುರುವಾಗಿರುತ್ತದೆ. ಎಲ್ಲಿ ದನಿ ಇಳಿಯಿತು, ಎಲ್ಲಿ ಮಾತು ತಿರುಗಿತು ಅನ್ನೋದು ಕಿವಿಗೆ ಹತ್ತಿಬಿಡುತ್ತದೆ. ಈ ಭಾಗವನ್ನು ಬೇರೆಯವರಿಗೆ ಕೊಡಲು ನನಗೆ ಮನಸ್ಸಿಲ್ಲ.

ವಿಧಾನ ಥಿಮ್ಯಾಟಿಕ್ ಅನಾಲಿಸಿಸ್, ಅಂದರೆ ಎಲ್ಲರ ಮಾತಿನಲ್ಲಿ ಮತ್ತೆ ಮತ್ತೆ ಬರುವ ಅರ್ಥಗಳನ್ನು (ಥೀಮ್) ಹುಡುಕೋದು. ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಹೇಳಿಕೊಟ್ಟ ಆರು ಹಂತಗಳ ದಾರಿ. ಓದು, ಕೋಡ್ ಹಾಕು (ಮಾತಿನ ತುಣುಕಿಗೆ ಒಂದು ಚಿಕ್ಕ ಹೆಸರು), ಕೋಡುಗಳನ್ನು ಗುಂಪು ಮಾಡು, ಒರೆಗೆ ಹಚ್ಚು, ಹೆಸರಿಡು, ಬರೆ. ಹೇಳಲು ಸುಲಭ. ಗುಂಪು ಮಾಡುವಾಗ ಎಲ್ಲರೂ ಸಿಕ್ಕಿಬೀಳುವ ಜಾಗ ಒಂದಿದೆ. 'ಸಂಬಳ', 'ಮನೆ', 'ಅಧಿಕಾರಿಗಳು' ಅಂತ ಹೆಸರಿಟ್ಟು ಬಿಡುವುದು. ಇವು ವಿಷಯಗಳು ಮಾತ್ರ, ಥೀಮ್ ಅಲ್ಲ. ಥೀಮ್ ಅಂದರೆ ಏನನ್ನೋ ಹೇಳುವ ವಾಕ್ಯ ಆಗಿರಬೇಕು.

ಉದಾಹರಣೆಗೆ ಈ ತುಣುಕು. ಊರಿನ ಬಾಣಂತಿ ಆಸ್ಪತ್ರೆಯಲ್ಲಿ ತೀರಿಕೊಂಡ ದಿನದ ಮಾತು. ಮನೆಗೆ ಬಂದ ಮೇಲೆ ಏನು ಮಾಡಿದ್ರಿ ಅಕ್ಕ ಅಂತ ಕೇಳಿದ್ದೆ.

'ಏನ್ ಮಾಡೋದು ಮೇಡಂ. ಸ್ನಾನ ಮಾಡ್ದೆ, ಮುದ್ದೆಗೆ ಎಸರಿಟ್ಟೆ. ಮಾರನೇ ದಿನ ಲಸಿಕೆ ಇತ್ತಲ್ಲ, ಮಕ್ಕಳನ್ನ ಕರೆಯೋಕೆ ಅದೇ ಬೀದೀಲಿ ಹೋಗ್ಬೇಕು. ಅವಳತ್ತೆ ಬಾಗ್ಲಲ್ಲೇ ಕೂತಿದ್ರು. ಮಾತಾಡ್ಸಿದ್ರೆ ಏನನ್ಕೋತಾರೋ, ಮಾತಾಡಿಸ್ದೆ ಹೋದ್ರೆ ಏನನ್ಕೋತಾರೋ.'

ಗೆಳತಿ ಇದಕ್ಕೆ 'ಅಪರಾಧಿ ಭಾವ' ಅಂತ ಕೋಡ್ ಹಾಕಿದ್ದಳು. ನಾನು ಅವರದೇ ಮಾತು ಎತ್ತಿಕೊಂಡು 'ಅದೇ ಬೀದಿ' ಅಂತ ಹಾಕಿದ್ದೆ. ಇಬ್ಬರೂ ಚೆನ್ನಾಗಿ ವಾದ ಮಾಡಿದೆವು. ಬೇರೆ ಅಕ್ಕಂದಿರ ಮಾತನ್ನು ಮತ್ತೆ ಓದಿದಾಗ ಬೀದಿ, ಬಾಗಿಲು, ಬಾವಿಕಟ್ಟೆ, ನ್ಯಾಯಬೆಲೆ ಅಂಗಡಿಯ ಕ್ಯೂ ಎಲ್ಲ ಕಡೆ ಬಂದಿತ್ತು. ಕೊನೆಗೆ ಥೀಮ್ ಹೀಗೆ ನಿಂತಿತು: 'ನಾಳೆ ಮತ್ತೆ ಅದೇ ಬೀದಿಗೆ ಹೋಗಬೇಕು'. ಅಪರಾಧಿ ಭಾವ ಅದರ ಒಳಗೆ ಒಂದು ಎಳೆಯಾಗಿ ಉಳಿಯಿತು.

ಇದರಿಂದ ಕೆಲಸದ ಮನಶ್ಶಾಸ್ತ್ರಕ್ಕೆ ಒಂದು ಗಟ್ಟಿ ಪ್ರಶ್ನೆ ಎದ್ದಿದೆ ಅನ್ನೋದು ನನ್ನ ನಂಬಿಕೆ. ದಣಿವಿನಿಂದ ಚೇತರಿಸಿಕೊಳ್ಳಬೇಕಾದರೆ ಕೆಲಸದ ಸಮಯ ಮುಗಿದ ಮೇಲೆ ಮನಸ್ಸು ಕೆಲಸದಿಂದ ಬಿಡಿಸಿಕೊಳ್ಳಬೇಕು ಅಂತ ಜರ್ಮನಿಯ ಸಬೀನ ಸೊನ್ನೆನ್‌ಟಾಗ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಅಧ್ಯಯನ ಮಾಡಿ ಹೇಳಿದ್ದಾರೆ. ಆಫೀಸಿನಿಂದ ಮನೆಗೆ ಹೋಗುವವರಿಗೆ ಈ ಮಾತು ಸರಿ. ಊರೇ ಆಫೀಸು ಆದವಳಿಗೆ? ರಾತ್ರಿ ಫೋನ್ ಆಫ್ ಮಾಡಿ ಅಂತ ಸಲಹೆ ಕೊಡುವುದು ಸುಲಭ. ರಾತ್ರಿ ಹೆರಿಗೆ ನೋವು ಬಂದ ಮನೆಯವರು ಅವಳ ಮೈದುನನ ಮನೆಯವರೇ ಆಗಿರಬಹುದು. ಹಾಗಾಗಿ ಸ್ಟ್ರೆಸ್ ಮ್ಯಾನೇಜ್‌ಮೆಂಟ್ ತರಬೇತಿಯಿಂದ ಇವರಿಗೆ ಏನೂ ಆಗಲ್ಲ. ಇದು ಒಬ್ಬೊಬ್ಬರ ಮನಸ್ಸಿನ ಬಲದ ಪ್ರಶ್ನೆ ಅಲ್ಲ. ಕೆಲಸವನ್ನು ಕಟ್ಟಿರುವ ರೀತಿಯ ಪ್ರಶ್ನೆ.

ಎರಡನೇ ಥೀಮ್ ಡೆತ್ ಆಡಿಟ್ ಸುತ್ತ ಬೆಳೆಯುತ್ತಿದೆ. ಗರ್ಭಿಣಿ ಅಥವಾ ಬಾಣಂತಿ ತೀರಿಕೊಂಡರೆ ಯಾಕೆ ಹೀಗಾಯ್ತು ಅಂತ ಪರಿಶೀಲನೆ ನಡೆಯುತ್ತದೆ. ನಡೆಯಲೇಬೇಕು, ಅದರಿಂದ ಮುಂದೆ ಜೀವ ಉಳಿಯುತ್ತದೆ. ಯಾರ ಮೇಲೂ ತಪ್ಪು ಹೊರಿಸಬಾರದು ಅನ್ನೋ ತತ್ವ ಮಾರ್ಗಸೂಚಿಯಲ್ಲೇ ಇದೆ. ಆದರೆ ಅಕ್ಕಂದಿರ ನೆನಪಿನಲ್ಲಿ ಉಳಿದಿರುವುದು ಬೇರೆ. ಡೈರಿ ತನ್ನಿ, ಎಷ್ಟು ಸಲ ಹೋಗಿದ್ರಿ, ರಕ್ತ ಕಡಿಮೆ ಇದ್ದಿದ್ದು ಗೊತ್ತಿರಲಿಲ್ವಾ, 108ಕ್ಕೆ ಎಷ್ಟೊತ್ತಿಗೆ ಫೋನ್ ಮಾಡಿದ್ರಿ. ಎಲ್ಲ ಬೇಕಾದ ಪ್ರಶ್ನೆಗಳೇ. ಆದರೆ ಒಂಬತ್ತು ತಿಂಗಳು ಜೊತೆಗಿದ್ದವಳು ಹೋದಳಲ್ಲ, ನೀವು ಹೇಗಿದ್ದೀರಿ ಅಂತ ಯಾರಾದರೂ ಕೇಳಿದರಾ? ನಾವು ಮಾತಾಡಿಸಿದವರಲ್ಲಿ ಹೌದು ಅಂದವರು ಸಿಕ್ಕಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟ ಆಗುತ್ತದೆ.

ಮೊಬೈಲ್ ಆ್ಯಪ್, ಪೋರ್ಟಲ್ ಎಂಟ್ರಿ, ಅದರಿಂದ ತಡವಾಗುವ ಪ್ರೋತ್ಸಾಹಧನ ಇವೂ ಬಂದಿವೆ. ಅದರ ಬಗ್ಗೆ ಸಂಘಟನೆಯವರು ನಮಗಿಂತ ಚೆನ್ನಾಗಿ ಹೇಳಿದ್ದಾರೆ, ಇಲ್ಲಿ ಬೆಳೆಸಲ್ಲ.

ಕೂಟ

ಸಂದರ್ಶನ ತೆಗೆದುಕೊಂಡು ಹೋಗಿ ಪೇಪರ್ ಬರೆದು ಮುಗಿಸುವುದು ನಮ್ಮಿಬ್ಬರಿಗೂ ಬೇಡವಾಗಿತ್ತು. ಹಾಗಾಗಿ ಒಂದು ಸಣ್ಣ ಪ್ರಯೋಗ ಶುರು ಮಾಡಿದ್ದೇವೆ. ಪಿಎಚ್‌ಸಿಯ ತಿಂಗಳ ಸಭೆಗೆ ಎಲ್ಲ ಆಶಾಗಳೂ ಬಂದೇ ಬರುತ್ತಾರೆ. ಸಭೆ ಮುಗಿದ ಮೇಲೆ ಇಷ್ಟ ಇರುವವರು ಒಂದು ಗಂಟೆ ಕೂರುವುದು. ಗೋವಾದ ಪ್ರಯೋಗದಲ್ಲಿ ಕೌನ್ಸೆಲರ್‌ಗಳು ತಮ್ಮ ತಮ್ಮಲ್ಲೇ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೇಳಿ ತಿದ್ದುವ ಕ್ರಮ ಇತ್ತು. ಅದನ್ನು ನೋಡಿಯೇ ಈ ಯೋಚನೆ ಬಂದಿದ್ದು. ತಿದ್ದುವುದನ್ನು ಬಿಟ್ಟು ಕೇಳುವುದನ್ನು ಮಾತ್ರ ಇಟ್ಟುಕೊಂಡೆವು. ಅಲ್ಲಿನ ವೈದ್ಯಾಧಿಕಾರಿ ಕೂಡಲೇ ಒಪ್ಪಿ, ಲಸಿಕೆ ಕೊಡುವ ಕೋಣೆ ಬಿಟ್ಟುಕೊಟ್ಟರು.

ನಿಯಮಗಳನ್ನು ಅಕ್ಕಂದಿರೇ ಮಾಡಿದರು. ಒಬ್ಬರು ಹೇಳುವಾಗ ಬೇರೆಯವರು ಬುದ್ಧಿವಾದ ಹೇಳಬಾರದು, ಕೇಳಬೇಕು ಅಷ್ಟೇ. ಮೇಲಿನವರು ಯಾರೂ ಇರಬಾರದು. ಮೂರನೆಯದನ್ನು ನಾವು ಯೋಚಿಸಿಯೇ ಇರಲಿಲ್ಲ: ಫೋಟೋ ಬೇಡ, ಹಾಜರಿ ಬೇಡ, ಗ್ರೂಪಿಗೆ ಹಾಕೋದು ಬೇಡ. ಇವರ ಕೆಲಸದಲ್ಲಿ ಏನು ಮಾಡಿದರೂ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಫೋಟೋ ಇಲ್ಲ ಅಂದರೆ ಕೆಲಸ ಆಗಿಲ್ಲ ಅಂತ ಲೆಕ್ಕ. ಒಬ್ಬ ಹಿರಿಯ ಅಕ್ಕ ಮೊದಲ ಕೂಟಕ್ಕೆ ಬಂದವರೇ ಫೋನುಗಳನ್ನೆಲ್ಲ ವಸೂಲಿ ಮಾಡಿ ತಮ್ಮ ಬ್ಯಾಗಿನಲ್ಲಿ ಇಟ್ಟುಕೊಂಡರು. ತುಂಬು ಗರ್ಭಿಣಿ ಇರುವ ಊರಿನವರ ಫೋನ್ ಮಾತ್ರ ಕಿಟಕಿ ಮೇಲೆ, ರಿಂಗ್ ಜೋರಾಗಿ ಇಟ್ಟು. ಯಾವ ಕೈಪಿಡಿಯಲ್ಲೂ ಸಿಗದ ಜಾಣತನ ಇದು. ನಮ್ಮ ಕೈಪಿಡಿಯಲ್ಲಿ ಹಾಗೇ ಬರೆದಿಟ್ಟಿದ್ದೇನೆ.

ಕಷ್ಟಗಳೂ ಇವೆ. ಸಭೆ ತಡವಾದರೆ ದೂರದ ಊರಿನವರಿಗೆ ಬಸ್ ತಪ್ಪುತ್ತದೆ, ಅವರು ಎದ್ದು ಹೊರಡುತ್ತಾರೆ. ಹೆಚ್ಚು ಹೊರೆ ಇರುವುದು ಅವರಿಗೇ. ಸಭೆಗೆ ಮೊದಲೇ ಕೂಟ ಮಾಡೋಣ ಅಂತ ಅವರೇ ಸೂಚಿಸಿದ್ದಾರೆ. ಇನ್ನೊಂದು, ಜಾತಿ. ಯಾರು ಯಾರ ಪಕ್ಕ ಕೂರುತ್ತಾರೆ, ಯಾರ ಮಾತಿಗೆ ಎಲ್ಲರೂ ತಿರುಗಿ ನೋಡುತ್ತಾರೆ ಅನ್ನೋದರಲ್ಲಿ ಅದು ಕಾಣುತ್ತದೆ. ಎಲ್ಲರೂ ಪಾಳಿಯಲ್ಲಿ ಮಾತಾಡುವ ಕ್ರಮ ತಂದ ಮೇಲೆ ಸ್ವಲ್ಪ ಸುಧಾರಿಸಿದೆ, ಸಾಲದು. ಸಮುದಾಯ ಮನಶ್ಶಾಸ್ತ್ರ ಅಂತ ಹೇಳಿಕೊಂಡು ಇದನ್ನು ಬರೆಯದೆ ಬಿಡಲಾಗದು.

ಕೂಟದಿಂದ ಮನಸ್ಸು ಹಗುರಾಯಿತೇ ಅನ್ನೋದನ್ನು ಈಗಲೇ ಅಳೆಯಲ್ಲ. ಮುಂದಿನ ತಿಂಗಳೂ ಬರುತ್ತಾರಾ, ಬೇರೆಯವರನ್ನು ಕರೆತರುತ್ತಾರಾ, ನಾವು ಇಲ್ಲದಾಗಲೂ ಕೂರುತ್ತಾರಾ ಅನ್ನೋದೇ ಸದ್ಯದ ಅಳತೆ. ಹೋದ ಸಲ ನನಗೆ ರಜೆ ಸಿಗಲಿಲ್ಲ, ಗೆಳತಿಗೆ ಪರೀಕ್ಷೆ ಡ್ಯೂಟಿ. ಕೂಟ ನಡೆಯಿತು.

ಮುಂದಿನ ಕೆಲಸ

ಎರಡನೇ ಸುತ್ತಿನ ಮಾತುಗಳನ್ನು ಬರೆದು ಮುಗಿಸಬೇಕು. ಥೀಮುಗಳನ್ನು ಎರಡು ಪುಟಕ್ಕೆ ಇಳಿಸಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ, ಕೂಟದಲ್ಲಿ ಓದಬೇಕು. ಇದು ನಮ್ಮ ಮಾತಲ್ಲ ಅಂತ ಅವರು ಹೇಳಿದ್ದನ್ನು ಹೊಡೆದು ಹಾಕುತ್ತೇವೆ. ಡೆತ್ ಆಡಿಟ್ ಆದ ವಾರದಲ್ಲಿ ಆ ಆಶಾಳನ್ನು ಕೂಟದ ಒಬ್ಬರು ಮನೆಗೆ ಹೋಗಿ ನೋಡಿ ಬರುವ ಏರ್ಪಾಡನ್ನು ವೈದ್ಯಾಧಿಕಾರಿ ಮುಂದೆ ಇಡಬೇಕು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದವರನ್ನೂ ಕಾಣಬೇಕು. ತೀರಾ ಕುಗ್ಗಿಹೋದವರನ್ನು ಕಳಿಸಲು ಒಂದು ದಾರಿ ಇರಲೇಬೇಕಲ್ವಾ.

ಅಂಗನವಾಡಿ, ಪೌರಕಾರ್ಮಿಕರು, ಗಾರ್ಮೆಂಟ್ಸ್ ಕಡೆ ಇಂಥ ಕೆಲಸ ಮಾಡುತ್ತಿರುವವರು ಇದ್ದರೆ ದಯವಿಟ್ಟು ಬರೆಯಿರಿ. ನಮ್ಮ ಪ್ರಶ್ನೆಗಳ ಪಟ್ಟಿ ಮತ್ತು ಕನ್ನಡ ಒಪ್ಪಿಗೆ ಪತ್ರ ಎರಡನ್ನೂ ಕೊಡುತ್ತೇನೆ, ನಿಮ್ಮ ಕಡೆಯ ಮಾತಿಗೆ ಬದಲಿಸಿಕೊಳ್ಳಿ.