ಸಿಂಗಾಪುರದಲ್ಲಿ ಚೂಯಿಂಗ್ ಗಮ್ ತಿಂದರೆ ಜೈಲೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸಿಂಗಾಪುರದಲ್ಲಿ ಇದ್ದೇನೆ ಎಂದು ಹೇಳಿದ ಕೂಡಲೇ ಎದುರಿನವರು ಕೇಳುವುದು ಇದನ್ನೇ: "ಅಲ್ಲಿ ಚೂಯಿಂಗ್ ಗಮ್ ತಿಂದರೆ ಜೈಲಿಗೆ ಹಾಕುತ್ತಾರಂತೆ, ಹೌದೇ?" ಅದರ ಬೆನ್ನಿಗೇ ಇನ್ನೊಂದು: "ಮಾತೆತ್ತಿದರೆ ದಂಡ ಹಾಕುವ ಊರಿನಲ್ಲಿ ಉಸಿರು ಕಟ್ಟುವುದಿಲ್ಲವೇ?" ಮೊದಲನೆಯದಕ್ಕೆ ಎರಡು ಮಾತಿನಲ್ಲಿ ಉತ್ತರ ಹೇಳಬಹುದು. ಎರಡನೆಯದಕ್ಕೆ ಸ್ವಲ್ಪ ಕೂತು ಮಾತನಾಡಬೇಕು.

ಚೂಯಿಂಗ್ ಗಮ್ ಅಗಿಯುವುದು ಅಪರಾಧವಲ್ಲ. ಅದನ್ನು ಮಾರುವುದು, ಹೊರದೇಶದಿಂದ ತರುವುದು ಅಪರಾಧ. ಇಲ್ಲಿನ ಮೆಟ್ರೋ ಆದ ಎಂಆರ್‌ಟಿ ರೈಲು 1987ರಲ್ಲಿ ಶುರುವಾಯಿತು. ಕೆಲವರು ಅಗಿದ ಗಮ್ಮನ್ನು ರೈಲಿನ ಬಾಗಿಲಿನ ಸೆನ್ಸರ್ ಮೇಲೆ ಅಂಟಿಸತೊಡಗಿದರು. ಬಾಗಿಲು ಮುಚ್ಚದೆ ರೈಲು ನಿಲ್ಲುತ್ತಿತ್ತು. ಲಿಫ್ಟಿನ ಗುಂಡಿ, ಅಂಚೆ ಪೆಟ್ಟಿಗೆ, ಬೀಗದ ಕಿಂಡಿ ಯಾವುದನ್ನೂ ಬಿಡಲಿಲ್ಲ. 1992ರ ಜನವರಿಯಲ್ಲಿ ಸರ್ಕಾರ ಆಮದನ್ನೂ ಮಾರಾಟವನ್ನೂ ನಿಷೇಧಿಸಿತು. ಅಮೆರಿಕದೊಡನೆ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದದ ಕಾರಣ, 2004ರಿಂದ ಸಿಗರೇಟು ಬಿಡಿಸುವ ನಿಕೋಟಿನ್ ಗಮ್, ಹಲ್ಲಿನ ಆರೋಗ್ಯದ ಗಮ್ ಮಾತ್ರ ಔಷಧದ ಹಾಗೆ ಸಿಗುತ್ತವೆ. ವಿಷಯ ಇಷ್ಟೇ.

ಆದರೆ ಇಲ್ಲಿಗೆ ಬರುವ ಕನ್ನಡಿಗರು ಗಮ್ಮಿಗಿಂತ ಹೆಚ್ಚು ಎಚ್ಚರ ವಹಿಸಬೇಕಾದದ್ದು ಗಸಗಸೆಯ ವಿಷಯದಲ್ಲಿ. ಮಗಳ ಮನೆಗೆ ಹೊರಟ ತಾಯಂದಿರು ಸಾರಿನ ಪುಡಿ, ಚಟ್ನಿ ಪುಡಿ, ಹಪ್ಪಳದ ಜೊತೆಗೆ ಪಾಯಸಕ್ಕೆಂದು ಒಂದು ಪೊಟ್ಟಣ ಗಸಗಸೆಯನ್ನೂ ಕಟ್ಟಿಕೊಳ್ಳುತ್ತಾರೆ. ಗಸಗಸೆ ಅಫೀಮು ಗಿಡದ ಬೀಜ. ಅದರಲ್ಲಿ ಮಾರ್ಫಿನ್‌ನ ಅಲ್ಪ ಅಂಶ ಇರಬಹುದೆಂಬ ಕಾರಣಕ್ಕೆ ಸಿಂಗಾಪುರಕ್ಕೆ ಅದನ್ನು ತರುವಂತಿಲ್ಲ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಕೊತ್ತಂಬರಿ ಬೀಜದ ಪಕ್ಕ ಕೂರುವ ವಸ್ತು ಇಲ್ಲಿ ಮಾದಕದ್ರವ್ಯ ಬ್ಯೂರೋದ ವ್ಯಾಪ್ತಿಗೆ ಬರುತ್ತದೆ. ಹದಿನೈದು ಗ್ರಾಂಗಿಂತ ಹೆಚ್ಚು ಶುದ್ಧ ಹೆರಾಯಿನ್ ಸಾಗಿಸಿದವರಿಗೆ ಮರಣದಂಡನೆ ವಿಧಿಸುವ ದೇಶವಿದು. ಆ ಶಿಕ್ಷೆಯನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಗಸಗಸೆಯ ವಿಷಯದಲ್ಲಿ ಮಾತ್ರ ವಾದಕ್ಕೆ ಹೋಗಬೇಡಿ, ಪೊಟ್ಟಣವನ್ನು ಊರಿನಲ್ಲೇ ಬಿಟ್ಟು ಬನ್ನಿ. ಇಲ್ಲಿ ನಾವು ಬಾದಾಮಿ, ಅಕ್ಕಿ, ತೆಂಗಿನಕಾಯಿ ರುಬ್ಬಿ ಪಾಯಸ ಮಾಡಿಕೊಳ್ಳುತ್ತೇವೆ.

ಇನ್ನು ಉಸಿರು ಕಟ್ಟುವ ಪ್ರಶ್ನೆ. ದಂಡದ ಫಲಕಗಳನ್ನು ನೋಡಿ ಹೋದ ನಮ್ಮವರು, "ನಮ್ಮ ಬೆಂಗಳೂರಿನಲ್ಲೂ ಹೀಗೆ ದಂಡ ಜಡಿದರೆ ಎಲ್ಲ ಸರಿಹೋಗುತ್ತದೆ" ಎನ್ನುತ್ತಾರೆ. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲದಿಂದಲೂ ಬೆಂಗಳೂರನ್ನು ಸಿಂಗಾಪುರ ಮಾಡುವ ಮಾತು ನಮ್ಮಲ್ಲಿ ಇದ್ದೇ ಇದೆ. ಇಲ್ಲಿ ಬದುಕುತ್ತಾ ನನಗೆ ಮನವರಿಕೆಯಾಗಿರುವುದು ಬೇರೆ. ಈ ದೇಶ ಮೊದಲು ಜಾಗ ಮಾಡಿಕೊಟ್ಟಿತು, ದಂಡ ಹಾಕಿದ್ದು ಆಮೇಲೆ. ಆ ಕ್ರಮವನ್ನು ತಿಳಿಯದೆ ದಂಡವನ್ನಷ್ಟೇ ಎತ್ತಿಕೊಂಡು ಹೋದರೆ ಬಡವರ ಬೆನ್ನಿಗೆ ಬಾಸುಂಡೆ ಬರುತ್ತದೆಯೇ ಹೊರತು ಬೀದಿ ಚೊಕ್ಕಟವಾಗುವುದಿಲ್ಲ.

1965ರ ಆಗಸ್ಟ್ 9ರಂದು ಸಿಂಗಾಪುರ ಸ್ವತಂತ್ರವಾಯಿತು. ಅದು ಕೇಳಿ ಪಡೆದ ಸ್ವಾತಂತ್ರ್ಯವಲ್ಲ. ಎರಡೇ ವರ್ಷ ಹಿಂದೆ ಸೇರಿದ್ದ ಮಲೇಷ್ಯಾ ಒಕ್ಕೂಟದಿಂದ ಅದನ್ನು ಹೊರಹಾಕಲಾಯಿತು. ಪ್ರಧಾನಿ ಲೀ ಕ್ವಾನ್ ಯೂ ಟಿವಿ ಕ್ಯಾಮೆರಾ ಮುಂದೆಯೇ ಕಣ್ಣೀರು ಹಾಕಿದರು. ಆಗ ಇದ್ದ ನೆಲ ಸುಮಾರು 580 ಚದರ ಕಿಲೋಮೀಟರ್. ಕುಡಿಯುವ ನೀರು ಬಹುಪಾಲು ಗಡಿಯಾಚೆಯ ಜೋಹೋರ್‌ನಿಂದ ಬರಬೇಕಿತ್ತು. ಹಿಂದಿನ ವರ್ಷವಷ್ಟೇ ಮಲಯರು ಮತ್ತು ಚೀನೀಯರ ನಡುವೆ ಎರಡು ಬಾರಿ ಗಲಭೆಯಾಗಿ 36 ಜನ ಸತ್ತಿದ್ದರು. 1961ರಲ್ಲಿ ಬುಕಿತ್ ಹೋ ಸ್ವೀ ಎಂಬಲ್ಲಿ ಗುಡಿಸಲುಗಳಿಗೆ ಬೆಂಕಿ ಬಿದ್ದು ಸುಮಾರು 16,000 ಜನ ಒಂದೇ ದಿನದಲ್ಲಿ ಬೀದಿಪಾಲಾಗಿದ್ದರು. ಸಮುದ್ರ ತುಂಬಿಸಿ ತುಂಬಿಸಿ ಇಂದು ನೆಲ ಸುಮಾರು 735 ಚದರ ಕಿಲೋಮೀಟರ್ ಆಗಿದೆ, ಜನ 60 ಲಕ್ಷದ ಆಸುಪಾಸು. ಇಲ್ಲಿನ ವಿಚಿತ್ರ ಎನಿಸುವ ಎಷ್ಟೋ ಕಾನೂನುಗಳ ಬೇರು ಆ ಐದು ವರ್ಷಗಳ ಭಯದಲ್ಲಿದೆ.

ಕಸದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಆಗ ತಳ್ಳುಗಾಡಿಯವರು ಮುಸುರೆ ನೀರನ್ನು ಚರಂಡಿಗೆ ಸುರಿಯುತ್ತಿದ್ದರು, ಚರಂಡಿ ಸಿಂಗಾಪುರ ನದಿಗೆ ಸೇರುತ್ತಿತ್ತು, ನದಿ ನಾರುತ್ತಿತ್ತು. ಸರ್ಕಾರ ನಲ್ಲಿ, ಚರಂಡಿ, ಕರೆಂಟು ಇರುವ, ಹಾಕರ್ ಸೆಂಟರ್ ಎಂಬ ಊಟದ ಮಳಿಗೆಗಳ ಸಂಕೀರ್ಣಗಳನ್ನು ಕಟ್ಟಿ, ಬೀದಿ ವ್ಯಾಪಾರಿಗಳನ್ನು ಹಂತಹಂತವಾಗಿ ಅಲ್ಲಿಗೆ ಕರೆತಂದಿತು. 1986ರ ಹೊತ್ತಿಗೆ ಆ ಕೆಲಸ ಮುಗಿಯಿತು. 1977ರಲ್ಲಿ ಆರಂಭಿಸಿದ ನದಿ ಶುದ್ಧೀಕರಣಕ್ಕೆ ಹತ್ತು ವರ್ಷ ಹಿಡಿಯಿತು. ಹಂದಿ ಸಾಕುವವರು, ಬಾತು ಸಾಕುವವರು, ದಡದ ಗುಡಿಸಲಿನವರು ಎಲ್ಲರನ್ನೂ ಎಬ್ಬಿಸಿದರು. ಎದ್ದವರಲ್ಲಿ ನೊಂದವರೂ ಬಹಳ ಮಂದಿ, ಅದನ್ನು ಮರೆಮಾಚಬಾರದು. ಆದರೆ ಬಹುಪಾಲು ಜನಕ್ಕೆ ಹೋಗಲು ಒಂದು ಮನೆ, ಒಂದು ಮಳಿಗೆ ಇತ್ತು. ಇವತ್ತು ಹಾಕರ್ ಸೆಂಟರ್‌ನಲ್ಲಿ ಉಂಡ ಮೇಲೆ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದರೆ ಮೊದಲ ಸಲ ಎಚ್ಚರಿಕೆ, ಮತ್ತೆ ಸಿಕ್ಕಿಬಿದ್ದರೆ 300 ಸಿಂಗಾಪುರ ಡಾಲರ್ ದಂಡ. ಇದು ಜಾರಿಗೆ ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ವರ್ಷಗಟ್ಟಲೆ ತಿಳಿಹೇಳಿ, ತಟ್ಟೆ ಇಡುವ ಗೂಡುಗಳನ್ನು ಎಲ್ಲೆಡೆ ನಿಲ್ಲಿಸಿದ ಮೇಲೆ. ಹಲಾಲ್ ಅಲ್ಲದ ಊಟದ ತಟ್ಟೆ ಬೆರೆಯದಿರಲಿ ಎಂದು ಹಲಾಲ್ ತಟ್ಟೆಗೆ ಬೇರೆ ಗೂಡು ಕೂಡ ಇದೆ. ಮೇಜು ಹಿಡಿಯಲು ಒಂದು ಪೊಟ್ಟಣ ಟಿಶ್ಯೂ ಕಾಗದ ಇಟ್ಟು ಹೋದರೆ ಸಾಕು, ಯಾರೂ ಅಲ್ಲಿ ಕೂರುವುದಿಲ್ಲ. ಅದಕ್ಕೆ ಯಾವ ಕಾನೂನೂ ಇಲ್ಲ.

ನಿಜವಾಗಿ ಬದುಕಿನ ಒಳಕ್ಕೆ ಇಳಿಯುವ ಕಾನೂನು ಮನೆಯದು. ಇಲ್ಲಿನ ನಾಗರಿಕರು ಮತ್ತು ಕಾಯಂ ನಿವಾಸಿಗಳ ಪೈಕಿ ಹತ್ತರಲ್ಲಿ ಸುಮಾರು ಎಂಟು ಮಂದಿ ಸರ್ಕಾರದ ಗೃಹ ಮಂಡಳಿಯಾದ ಎಚ್‌ಡಿಬಿ ಕಟ್ಟಿದ ಫ್ಲ್ಯಾಟ್‌ಗಳಲ್ಲಿದ್ದಾರೆ. ಬ್ಯಾಂಕಿನ ಅಧಿಕಾರಿ, ಬಸ್ ಚಾಲಕ, ಶಾಲಾ ಶಿಕ್ಷಕಿ ಎಲ್ಲರೂ ಒಂದೇ ಲಿಫ್ಟಿನಲ್ಲಿ ಇಳಿಯುತ್ತಾರೆ. ಮನೆ ಕೊಂಡರೂ ಅದು 99 ವರ್ಷದ ಗುತ್ತಿಗೆ. ಅದಕ್ಕಿಂತ ಅಚ್ಚರಿಯದು 1989ರ ಮಾರ್ಚ್‌ನಲ್ಲಿ ಬಂದ ನಿಯಮ: ಪ್ರತಿ ಕಟ್ಟಡದಲ್ಲೂ, ಪ್ರತಿ ಬಡಾವಣೆಯಲ್ಲೂ ಚೀನೀಯರು, ಮಲಯರು, ಭಾರತೀಯರು ಮತ್ತು ಇತರರು ಎಷ್ಟು ಪಾಲು ಇರಬಹುದೆಂಬುದಕ್ಕೆ ಮಿತಿ ಇದೆ. ಭಾರತೀಯರ ಪಾಲು ತುಂಬಿದ ಕಟ್ಟಡದಲ್ಲಿ ಚೀನೀಯನ ಮನೆಯನ್ನು ನಾನು ಕೊಳ್ಳುವಂತಿಲ್ಲ. ಚೀನೀಯರ ಪಾಲು ತುಂಬಿದ ಕಡೆ ಭಾರತೀಯನೊಬ್ಬ ಚೀನೀಯರಿಗೆ ಮನೆ ಮಾರುವಂತಿಲ್ಲ, ಹಾಗಾಗಿ ಕೊಳ್ಳುವವರೇ ಕಡಿಮೆ, ಬೆಲೆಯೂ ಇಳಿಯುತ್ತದೆ. ಈ ನಷ್ಟ ಬೀಳುವುದು ಹೆಚ್ಚಾಗಿ ಅಲ್ಪಸಂಖ್ಯಾತರ ತಲೆಯ ಮೇಲೆಯೇ. ಇಂಥವರಿಂದ ಮನೆಯನ್ನು ತಾನೇ ಮರಳಿ ಕೊಳ್ಳುವ ವ್ಯವಸ್ಥೆಯನ್ನು ಸರ್ಕಾರ 2022ರಲ್ಲಿ ತಂದಿತು.

ಇಷ್ಟಾದರೂ ಈ ನಿಯಮದ ಪರ ನಾನಿದ್ದೇನೆ. ಎಚ್‌ಡಿಬಿ ಕಟ್ಟಡಗಳ ನೆಲಮಹಡಿಯಲ್ಲಿ ಮನೆಗಳಿರುವುದಿಲ್ಲ, ಕಂಬಗಳ ನಡುವೆ ಬಯಲು ಬಿಟ್ಟಿರುತ್ತಾರೆ. ಅದಕ್ಕೆ ವಾಯ್ಡ್ ಡೆಕ್ ಎನ್ನುತ್ತಾರೆ. ಒಂದು ವಾರ ಅಲ್ಲಿ ಮಲಯರ ಮದುವೆ: ಕೊಂಪಾಂಗ್ ಎಂಬ ತಮಟೆ ಬಡಿಯುತ್ತಾ ಮದುಮಗನನ್ನು ಕರೆತರುತ್ತಾರೆ, ಬಿರಿಯಾನಿಯ ಘಮ ಮೇಲಿನ ಮಹಡಿಗಳವರೆಗೂ ಏರುತ್ತದೆ. ಮುಂದಿನ ವಾರ ಅದೇ ಕಂಬಗಳ ನಡುವೆ ಚೀನೀ ಕುಟುಂಬದ ಸಾವಿನ ಮನೆ: ಶವಪೆಟ್ಟಿಗೆಯ ಸುತ್ತ ಹೂವಿನ ಚಕ್ರಗಳು, ಸುಡುವ ಕಾಗದದ ಹೊಗೆ, ರಾತ್ರಿಯಿಡೀ ಎಚ್ಚರವಿರುವ ನೆಂಟರು. ಲಿಫ್ಟಿಗೆ ಹೋಗಬೇಕಾದರೆ ಎರಡನ್ನೂ ಹಾದೇ ಹೋಗಬೇಕು. ಪಕ್ಕದವರ ಹುಟ್ಟು ಸಾವು ಕಣ್ಣೆದುರೇ ನಡೆಯುವಾಗ ಅವರನ್ನು ಪರಕೀಯರೆಂದು ಭಾವಿಸುವುದು ಕಷ್ಟ. ಜಾತಿ ನೋಡಿ, ಅಡುಗೆ ಕೇಳಿ ಬಾಡಿಗೆ ಮನೆ ಕೊಡುವ ಊರಿನಿಂದ ಬಂದ ನನಗೆ ಇದು ಸಣ್ಣ ವಿಷಯವಲ್ಲ. ಇಲ್ಲಿ ಖಾಸಗಿಯಾಗಿ ಬಾಡಿಗೆಗೆ ಕೊಡುವವರಲ್ಲೂ ಭಾರತೀಯರು ಬೇಡ ಎನ್ನುವವರು ಇದ್ದಾರೆ, ಆ ಅನುಭವ ನಮ್ಮವರಲ್ಲಿ ಅನೇಕರಿಗೆ ಆಗಿದೆ.

ಮನೆಯ ಬಾಗಿಲಲ್ಲಿ ತುಳಸಿ ಇಡಬಹುದೇ ಎಂದು ಹೊಸದಾಗಿ ಬಂದವರು ಕೇಳುತ್ತಾರೆ. ಇಡಬಹುದು, ಬೆಂಕಿ ಬಿದ್ದಾಗ ಓಡಲು ಮೊಗಸಾಲೆಯಲ್ಲಿ 1.2 ಮೀಟರ್ ದಾರಿ ಬಿಟ್ಟಿರಬೇಕು. ಕುಂಡದ ಅಡಿಯ ತಟ್ಟೆಯಲ್ಲಿ ಮಾತ್ರ ನೀರು ನಿಲ್ಲಬಾರದು. ಡೆಂಗಿ ಇಲ್ಲಿ ದೊಡ್ಡ ಕಾಟ. ಪರಿಸರ ಇಲಾಖೆಯವರು ಟಾರ್ಚ್ ಹಿಡಿದು ಮನೆಯೊಳಗೇ ಬಂದು ಹೂದಾನಿ, ಬಕೆಟ್, ಬಟ್ಟೆ ಒಣಹಾಕುವ ಬಿದಿರು ಗಳುಗಳ ಕೊಳವೆ ಎಲ್ಲವನ್ನೂ ನೋಡುತ್ತಾರೆ. ಸೊಳ್ಳೆ ಮರಿ ಕಂಡರೆ ದಂಡ ಖಚಿತ. ಬೆಕ್ಕು ಸಾಕುವುದಕ್ಕೂ ಎಚ್‌ಡಿಬಿ ಮನೆಗಳಲ್ಲಿ ದಶಕಗಳ ಕಾಲ ಅನುಮತಿ ಇರಲಿಲ್ಲ, 2024ರ ಸೆಪ್ಟೆಂಬರ್‌ನಿಂದ ಎರಡು ಬೆಕ್ಕು ಸಾಕಬಹುದು.

ಕಾರಿನ ಕತೆಯೂ ಜಾಗದ ಕತೆಯೇ. 1990ರಿಂದ ಇಲ್ಲಿ ಕಾರು ಕೊಳ್ಳುವ ಮೊದಲು ಅದನ್ನು ಹತ್ತು ವರ್ಷ ಇಟ್ಟುಕೊಳ್ಳುವ ಹಕ್ಕುಪತ್ರವನ್ನು ಹರಾಜಿನಲ್ಲಿ ಕೊಳ್ಳಬೇಕು. 2023ರಲ್ಲಿ ಸಣ್ಣ ಕಾರಿಗೂ ಆ ಪತ್ರದ ಬೆಲೆಯೇ ಒಂದು ಲಕ್ಷ ಡಾಲರ್ ದಾಟಿತು, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 60 ಲಕ್ಷ ರೂಪಾಯಿ. ಹಾಗಾಗಿ ಒಳ್ಳೆಯ ಸಂಬಳದವರೂ ಬಸ್ಸಿನಲ್ಲೇ ಓಡಾಡುತ್ತಾರೆ. ಬಸ್ಸು ಬರುತ್ತದೆ ಎಂಬ ನಂಬಿಕೆ ಇರುವುದರಿಂದ ಇದು ನಡೆಯುತ್ತದೆ.

ಈ ದೇಶದ ಮೇಲೆ ನನಗೆ ಕೋಪ ಬರುವುದು ಬೆಳಗ್ಗೆ ಆರು ಗಂಟೆಗೆ. ಆ ಹೊತ್ತಿಗೆ ಹೆದ್ದಾರಿಯಲ್ಲಿ ಸಾಲು ಲಾರಿಗಳು. ಹಿಂದೆ, ಸಾಮಾನು ಹೇರುವ ಜಾಗದಲ್ಲಿ, ಕಾಲು ಮಡಿಸಿ ಕೂತ ಕಟ್ಟಡ ಕಾರ್ಮಿಕರು. ತಮಿಳುನಾಡು, ಆಂಧ್ರ, ಬಾಂಗ್ಲಾದೇಶದ ಹುಡುಗರು, ಬಹಳಷ್ಟು ಮಂದಿ ಕೂತಲ್ಲೇ ತೂಕಡಿಸುತ್ತಿರುತ್ತಾರೆ. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದಿದ್ದರೆ ನನಗೆ ದಂಡ ಬೀಳುತ್ತದೆ. ಅವರಿಗೆ ಬೆಲ್ಟೂ ಇಲ್ಲ, ಸೀಟೂ ಇಲ್ಲ. ಲಾರಿಗೆ ಮೇಲೊಂದು ಹೊದಿಕೆ, ಪಕ್ಕಕ್ಕೆ ಕಂಬಿ ಇದ್ದರೆ ಕಾನೂನಿಗೆ ತೃಪ್ತಿ. ಸಂಸತ್ತಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬಂದಿದೆ. ಸಣ್ಣ ಕಂಪನಿಗಳಿಗೆ ಖರ್ಚು ತಡೆಯಲಾಗದು, ಕಾಮಗಾರಿ ನಿಧಾನವಾಗುತ್ತದೆ ಎಂಬುದು ಸರ್ಕಾರದ ಉತ್ತರ. 2013ರ ಡಿಸೆಂಬರ್‌ನಲ್ಲಿ ಲಿಟಲ್ ಇಂಡಿಯಾದಲ್ಲಿ ಬಸ್ಸಿನಡಿ ಸಿಕ್ಕಿ ಭಾರತದ ಕಾರ್ಮಿಕನೊಬ್ಬ ಸತ್ತಾಗ ಗಲಭೆಯಾಯಿತು. 2015ರಲ್ಲಿ ಹೊಸ ಕಾನೂನು ಬಂತು: ರಾತ್ರಿ ಹತ್ತೂವರೆಯಿಂದ ಬೆಳಗ್ಗೆ ಏಳರವರೆಗೆ ಸಾರ್ವಜನಿಕ ಜಾಗದಲ್ಲಿ ಮದ್ಯ ಕುಡಿಯುವಂತಿಲ್ಲ. ಮದ್ಯಕ್ಕೆ ಅಷ್ಟು ಬೇಗ ಕಾನೂನು ಮಾಡಬಲ್ಲ ದೇಶ ಲಾರಿಗೆ ಯಾಕೆ ಮಾಡಲಾರದು? ನಾವೆಲ್ಲ ವಾಸಿಸುವ ಕಟ್ಟಡಗಳನ್ನು ಕಟ್ಟಿದವರು ಇವರೇ. ಮೊದಲು ಸೌಕರ್ಯ, ಆಮೇಲೆ ಶಿಕ್ಷೆ ಎಂಬ ಇಲ್ಲಿನ ಒಳ್ಳೆಯ ಪದ್ಧತಿ ಇವರ ಪಾಲಿಗೆ ಬಂದಾಗ ತಲೆಕೆಳಗಾಗಿದೆ.

ಇದನ್ನು ಬೀದಿಯಲ್ಲಿ ನಿಂತು ಹೇಳಬಹುದೇ ಎಂದರೆ, ಇಲ್ಲ. ಒಬ್ಬನೇ ಭಿತ್ತಿಪತ್ರ ಹಿಡಿದು ನಿಂತರೂ 2009ರ ಕಾನೂನಿನ ಪ್ರಕಾರ ಅದು ಸಭೆಯೇ, ಅನುಮತಿ ಬೇಕು. ಹೊಂಗ್ ಲಿಮ್ ಉದ್ಯಾನದಲ್ಲಿ ನಾಗರಿಕರು ಮಾತನಾಡಲು ಒಂದು ಮೂಲೆ ಇದೆ, ವಿದೇಶಿಯರಿಗೆ ಅಲ್ಲಿಯೂ ಅನುಮತಿ ಬೇಕು. ಉಸಿರು ಕಟ್ಟುತ್ತದೆಯೇ ಎಂಬ ಪ್ರಶ್ನೆಗೆ, ಇಲ್ಲಿ ಕಟ್ಟುತ್ತದೆ ಎಂದೇ ನನ್ನ ಉತ್ತರ.

ಕೊನೆಯದಾಗಿ, ಇಲ್ಲಿ ನೆಲೆಸಲು ಯೋಚಿಸುತ್ತಿರುವ, ಗಂಡುಮಕ್ಕಳಿರುವ ಕನ್ನಡ ಕುಟುಂಬಗಳಿಗೆ ಒಂದು ಮಾತು. ಕೆಲಸದ ಆಧಾರದ ಮೇಲೆ ಕಾಯಂ ನಿವಾಸ ಪಡೆದ ತಂದೆಗೆ ಇಲ್ಲಿನ ಕಡ್ಡಾಯ ಸೈನಿಕ ಸೇವೆ ಇಲ್ಲ. ಅವರ ಮೂಲಕ ಕಾಯಂ ನಿವಾಸಿಯಾದ ಮಗನಿಗೆ ಇದೆ. ಹದಿನಾರೂವರೆ ವಯಸ್ಸಿಗೆ ಹೆಸರು ನೋಂದಾಯಿಸಬೇಕು, ಆಮೇಲೆ ಎರಡು ವರ್ಷ ಪೂರ್ಣಾವಧಿ ಸೇವೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಸಿಂಗಾಪುರದ ಸೇನೆಯ ಸಮವಸ್ತ್ರ ತೊಟ್ಟ ಹುಡುಗರು ನಮ್ಮ ನಡುವೆ ಇದ್ದಾರೆ. ಸೇವೆ ಮಾಡದೆ ಕಾಯಂ ನಿವಾಸವನ್ನು ಬಿಟ್ಟುಕೊಟ್ಟರೆ, ಮುಂದೆ ಅವನು ಇಲ್ಲಿ ಓದಲು ಅಥವಾ ಕೆಲಸ ಮಾಡಲು ಅರ್ಜಿ ಹಾಕಿದಾಗ ಅದು ಅಡ್ಡ ಬರುತ್ತದೆ. ಚೂಯಿಂಗ್ ಗಮ್ ವಿಷಯ ಕೇಳುವವರು ಇದನ್ನು ಕೇಳುವುದಿಲ್ಲ. ಅರ್ಜಿಗೆ ಸಹಿ ಹಾಕುವ ಮುಂಚೆ, ಮಗ ಇನ್ನೂ ಬಾಲವಾಡಿಯಲ್ಲಿರುವಾಗಲೇ, ಈ ವಿಷಯವನ್ನು ಮನೆಯವರೆಲ್ಲ ಕೂತು ಮಾತನಾಡಿ.