ಟವರ್ ದೂರವಾದಷ್ಟೂ ಫೋನ್ ಜೋರಾಗುತ್ತದೆ

ಮೊಬೈಲಿನಿಂದ ಹೊರಡುವ ರೇಡಿಯೋ ತರಂಗಗಳು ದೇಹಕ್ಕೆ ಕೆಡುಕು ಮಾಡುತ್ತವೆಯೇ ಎಂಬ ಪ್ರಶ್ನೆ ಭೌತಶಾಸ್ತ್ರ ಕಲಿಸುವವರನ್ನೂ ಬಿಟ್ಟಿಲ್ಲ. "ಮೇಷ್ಟ್ರೇ, ಮಗು ಮಲಗುವ ಕೋಣೆಯಲ್ಲಿ ವೈಫೈ ಇಡಬಹುದೇ?" ಎಂದು ಒಬ್ಬರು ಕೇಳಿದರೆ, "ಎದುರು ಮನೆಯ ತಾರಸಿಗೆ ಟವರ್ ಬರುತ್ತಿದೆ, ಬೇಡವೆಂದು ಅರ್ಜಿ ಬರೆದಿದ್ದೇವೆ, ನೀವೂ ಸಹಿ ಹಾಕಿ" ಎಂದು ಇನ್ನೊಬ್ಬರು ಬರುತ್ತಾರೆ. ಬಾಗಿಲಲ್ಲಿ ನಿಂತು ಹೇಳಿ ಮುಗಿಸುವ ಉತ್ತರ ಇದಲ್ಲವಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ತರಂಗದ ಶಕ್ತಿ ಫೋಟಾನ್ ಎಂಬ ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತದೆ. ಮೊಬೈಲ್ ಬಳಸುವ 900 ಮೆಗಾಹರ್ಟ್ಸ್ ತರಂಗದ ಒಂದು ಫೋಟಾನಿನಲ್ಲಿರುವ ಶಕ್ತಿ, ಅಣುಗಳ ಮಟ್ಟದಲ್ಲಿ ಶಕ್ತಿ ಅಳೆಯುವ ಮಾನವಾದ ಎಲೆಕ್ಟ್ರಾನ್ ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ನಾಲ್ಕಕ್ಕಿಂತಲೂ ಕಡಿಮೆ. ನಮ್ಮ ಜೀವಕೋಶದ ಅಣುವಿನಿಂದ ಎಲೆಕ್ಟ್ರಾನೊಂದನ್ನು ಕಿತ್ತು ತೆಗೆಯಲು ಸುಮಾರು ಹತ್ತು ಎಲೆಕ್ಟ್ರಾನ್ ವೋಲ್ಟ್ ಬೇಕು. ಎಕ್ಸ್‌ರೇ ಆ ಕೆಲಸ ಮಾಡಬಲ್ಲದು, ಅದರ ಹಾನಿ ಶುರುವಾಗುವುದೂ ಹಾಗೆಯೇ. ಕಣ್ಣಿಗೆ ಕಾಣುವ ಬೆಳಕಿಗೇ ಅದು ಸಾಧ್ಯವಿಲ್ಲ, ಮೊಬೈಲ್ ತರಂಗದ ಶಕ್ತಿಯೋ ಬೆಳಕಿನದಕ್ಕಿಂತ ಲಕ್ಷಗಟ್ಟಲೆ ಪಟ್ಟು ಕಡಿಮೆ. ಆದ್ದರಿಂದ ಎಕ್ಸ್‌ರೇ ಹಾನಿ ಮಾಡುವ ದಾರಿಯಲ್ಲಿ ಮೊಬೈಲ್ ಹಾನಿ ಮಾಡಲಾರದು. ರೇಡಿಯೋ ತರಂಗಗಳಿಂದ ಆಗುತ್ತದೆಂದು ಖಚಿತವಾಗಿರುವ ಪರಿಣಾಮವೆಂದರೆ ಅಂಗಾಂಶ ಬಿಸಿಯಾಗುವುದು. ಸುರಕ್ಷತೆಯ ಮಿತಿಗಳೆಲ್ಲ ಅದನ್ನು ಆಧರಿಸಿಯೇ ನಿಗದಿಯಾಗಿವೆ. ಫೋನಿನಿಂದ ದೇಹ ಹೀರಿಕೊಳ್ಳುವ ಶಕ್ತಿಗೆ ಭಾರತದಲ್ಲಿ 2012ರಿಂದ ಇರುವ ಮಿತಿ, ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗ್ರಾಂಗೆ 1.6 ವ್ಯಾಟ್. ದೇಹ ಹೀಗೆ ಹೀರಿಕೊಳ್ಳುವ ಪ್ರಮಾಣವನ್ನು ಸಾರ್ (SAR) ಎನ್ನುತ್ತಾರೆ. ಬಹುತೇಕ ಫೋನುಗಳಲ್ಲಿ *#07# ಒತ್ತಿದರೆ ಆ ಫೋನಿನ ಸಾರ್ ಅಂಕಿ ತೆರೆಯ ಮೇಲೆ ಬರುತ್ತದೆ. (ಹೆಚ್ಚು ಹೊತ್ತು ಮಾತಾಡಿದಾಗ ಕಿವಿ ಬೆಚ್ಚಗಾಗುವುದಕ್ಕೆ ಬಹುಪಾಲು ಕಾರಣ ಬ್ಯಾಟರಿ ಮತ್ತು ಒಳಗಿನ ಚಿಪ್‌ಗಳು, ತರಂಗಗಳಲ್ಲ.)

ಆದರೆ ಭೌತಶಾಸ್ತ್ರದ ಲೆಕ್ಕವೊಂದನ್ನೇ ಮುಂದಿಟ್ಟು ವಾದ ಮುಗಿಸುವುದು ಸರಿಯಲ್ಲ. ನಮಗೆ ತಿಳಿಯದ ಬೇರೆ ದಾರಿಯಿದ್ದರೆ ಅದರ ಗುರುತು ಜನರ ಆರೋಗ್ಯದಲ್ಲಿ ಕಾಣಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರ ಮೇ ತಿಂಗಳಲ್ಲಿ ಈ ತರಂಗಗಳನ್ನು "ಕ್ಯಾನ್ಸರ್‌ಕಾರಕ ಆಗಿರಬಹುದಾದವು" ಎಂಬ 2ಬಿ ಗುಂಪಿಗೆ ಸೇರಿಸಿತು. ವಾಟ್ಸಾಪಿನಲ್ಲಿ ಇಂದಿಗೂ ಓಡಾಡುವ ಎಚ್ಚರಿಕೆಗಳ ಮೂಲ ಹೆಚ್ಚಾಗಿ ಇದೇ. ಈ ತೀರ್ಮಾನಕ್ಕೆ ಒತ್ತು ಕೊಟ್ಟ ಅಧ್ಯಯನಗಳಲ್ಲಿ 13 ದೇಶಗಳಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಇಂಟರ್‌ಫೋನ್ ಕೂಡ ಒಂದು. ಒಟ್ಟಾರೆ ಅದರಲ್ಲಿ ಅಪಾಯದ ಏರಿಕೆ ಕಾಣಲಿಲ್ಲ. ಆದರೆ ಜೀವಮಾನದಲ್ಲಿ 1640 ಗಂಟೆಗಿಂತ ಹೆಚ್ಚು ಮಾತಾಡಿದ್ದಾಗಿ ಹೇಳಿದವರ ಗುಂಪಿನಲ್ಲಿ ಗ್ಲಯೋಮಾ ಎಂಬ ಮಿದುಳಿನ ಗಡ್ಡೆಯ ಸಾಧ್ಯತೆ ಶೇಕಡಾ 40ರಷ್ಟು ಹೆಚ್ಚು ಕಂಡಿತು. 1640 ಗಂಟೆ ಎಂದರೆ ಹತ್ತು ವರ್ಷ ದಿನಕ್ಕೆ ಸುಮಾರು ಅರ್ಧ ಗಂಟೆಯ ಲೆಕ್ಕ. ಇಂದು ಅಷ್ಟು ಮಾತಾಡದವರು ಯಾರಿದ್ದಾರೆ? ಆತಂಕಪಡುವವರು ಎತ್ತುವ ಈ ಮಾತು ನ್ಯಾಯವಾದದ್ದೇ.

ಹಾಗಾಗಿ ಆ ಅಂಕಿಯನ್ನು ಹತ್ತಿರದಿಂದ ನೋಡಬೇಕು. ಅದು ನಿಂತಿರುವುದು ಜನರ ನೆನಪಿನ ಮೇಲೆ. ಗಡ್ಡೆಯಿದೆಯೆಂದು ಗೊತ್ತಾದವರು ಕಾರಣವನ್ನು ಹುಡುಕುತ್ತ ಹಿಂದಿನ ವರ್ಷಗಳನ್ನು ನೆನೆಯುತ್ತಾರೆ. ಆ ಗುಂಪಿನಲ್ಲಿ ಕೆಲವರು ಹೇಳಿದ ಬಳಕೆಯ ಪ್ರಮಾಣ ನಂಬಲಾಗದಷ್ಟಿದೆಯೆಂದು ಸಂಶೋಧಕರೇ ಬರೆದಿದ್ದಾರೆ. ಇನ್ನೂ ಮುಖ್ಯವಾದುದು ಆನಂತರದ ಚರಿತ್ರೆ. ಆ ಶೇಕಡಾ 40 ನಿಜವಾಗಿದ್ದರೆ, ಕೋಟ್ಯಂತರ ಜನ ಆ ಮಿತಿಯನ್ನು ದಾಟಿದ ಮೇಲೆ ಗ್ಲಯೋಮಾ ಪ್ರಕರಣಗಳು ಎದ್ದು ಕಾಣುವಂತೆ ಏರಬೇಕಿತ್ತು. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್‌ಗಳಲ್ಲಿ ಕ್ಯಾನ್ಸರ್ ನೋಂದಣಿ ದಶಕಗಳಿಂದ ಅಚ್ಚುಕಟ್ಟಾಗಿ ನಡೆದುಬಂದಿದೆ. ಮೊಬೈಲ್ ಬಳಕೆಯ ಜಿಗಿತಕ್ಕೆ ಹೊಂದುವಂಥ ಏರಿಕೆ ಅಲ್ಲಿ ಕಂಡುಬಂದಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ 63 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ತಂಡವೂ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲವೆಂದೇ ಹೇಳಿತು.

ಅಮೆರಿಕದ ಇಲಿಗಳ ಪ್ರಯೋಗವನ್ನೂ ಕೆಲವರು ಎತ್ತುತ್ತಾರೆ. 2018ರಲ್ಲಿ ಅದರ ವರದಿ ಬಂದಾಗ, ಗಂಡು ಇಲಿಗಳ ಹೃದಯದಲ್ಲಿ ಗಡ್ಡೆ ಕಂಡದ್ದು ದೊಡ್ಡ ಸುದ್ದಿಯಾಯಿತು. ದಿನಕ್ಕೆ ಒಂಬತ್ತು ಗಂಟೆಯಂತೆ ಎರಡು ವರ್ಷ, ಇಡೀ ದೇಹಕ್ಕೆ, ಕಿಲೋಗ್ರಾಂಗೆ 1.5ರಿಂದ 6 ವ್ಯಾಟ್‌ನಷ್ಟು ತರಂಗಗಳನ್ನು ಅವಕ್ಕೆ ಹಾಯಿಸಲಾಗಿತ್ತು. ಸಾರ್ವಜನಿಕರ ಇಡೀ ದೇಹಕ್ಕೆ ಅಂತರರಾಷ್ಟ್ರೀಯ ಮಿತಿ ಕಿಲೋಗ್ರಾಂಗೆ 0.08 ವ್ಯಾಟ್ ಮಾತ್ರ. ತರಂಗ ತಾಗಿದ ಆ ಗಂಡು ಇಲಿಗಳು, ತಾಗದವುಗಳಿಗಿಂತ ಹೆಚ್ಚು ಕಾಲ ಬದುಕಿದವು ಎಂಬ ವಿವರವನ್ನು ಸುದ್ದಿ ಮಾಡಿದವರು ಕಡಿಮೆ. ಆ ಪ್ರಯೋಗವನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ದಿನದ ಬಳಕೆಗೆ ಅದನ್ನು ನೇರವಾಗಿ ಅನ್ವಯಿಸಲೂ ಆಗದು.

ಇನ್ನು ಟವರ್. ನನ್ನ ದೃಷ್ಟಿಯಲ್ಲಿ ಜನರ ಭಯ ದಾರಿ ತಪ್ಪಿರುವುದು ಇಲ್ಲಿಯೇ. ಟವರಿನ ಒಂದು ಆಂಟೆನಾಕ್ಕೆ 20 ವ್ಯಾಟ್ ಹೋಗುತ್ತದೆ, ಅದು ಆ ಶಕ್ತಿಯನ್ನು ಒಂದೇ ದಿಕ್ಕಿಗೆ 50 ಪಟ್ಟು ಒಗ್ಗೂಡಿಸುತ್ತದೆ ಎಂದಿಟ್ಟುಕೊಳ್ಳಿ. 50 ಮೀಟರ್ ದೂರದಲ್ಲಿ, ಆಂಟೆನಾದ ನೇರಕ್ಕೆ ನಿಂತವರಿಗೆ ಚದರ ಮೀಟರಿಗೆ ಸುಮಾರು 0.03 ವ್ಯಾಟ್ ತಲುಪುತ್ತದೆ. 900 ಮೆಗಾಹರ್ಟ್ಸ್‌ಗೆ ಭಾರತದ ಮಿತಿ 0.45 ವ್ಯಾಟ್, 2012ರಲ್ಲಿ ನಮ್ಮ ಸರ್ಕಾರ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿದ ಅಂಕಿ ಇದು. ಆಂಟೆನಾ ಟಾರ್ಚಿನಂತೆ ಮುಂದಕ್ಕೆ ಬೀರುವುದರಿಂದ ಟವರಿನ ಬುಡದ ಮನೆಗೆ ಬೀಳುವುದು ಇನ್ನೂ ಕಡಿಮೆ. ಒಂದೇ ಟವರಿನಲ್ಲಿ ಹಲವು ಕಂಪನಿಗಳ ಆಂಟೆನಾಗಳು ಸೇರಿದಾಗ ಮೊತ್ತ ಏರುತ್ತದೆ, ನಿಜ. ಅದೇ ಎತ್ತರದಲ್ಲಿ, ಹತ್ತಿರದಲ್ಲಿ, ಆಂಟೆನಾಕ್ಕೆ ಮುಖಾಮುಖಿಯಾಗಿ ನಿಮ್ಮ ಮಹಡಿಯಿದ್ದರೆ ಅಳತೆ ಮಾಡಿಸಿ ಎಂದು ಕೇಳುವುದು ನಿಮ್ಮ ಹಕ್ಕು. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣದಲ್ಲಿ ಶುಲ್ಕ ಕಟ್ಟಿ ಅದನ್ನು ಮಾಡಿಸಬಹುದು.

ಟವರನ್ನು ಊರಿನಿಂದ ದೂರ ಓಡಿಸಿದರೆ ಏನಾಗುತ್ತದೆ? ಫೋನ್ ತನ್ನ ಶಕ್ತಿಯನ್ನು ತಾನೇ ಹೊಂದಿಸಿಕೊಳ್ಳುವ ಯಂತ್ರ. ಸಿಗ್ನಲ್ ಚೆನ್ನಾಗಿರುವಲ್ಲಿ ಅದು ಪಿಸುಮಾತಿನಲ್ಲಿ ಕೆಲಸ ಮುಗಿಸುತ್ತದೆ. ಸಿಗ್ನಲ್ ಕ್ಷೀಣವಾದಾಗ ತನ್ನ ಗರಿಷ್ಠಕ್ಕೆ, 4ಜಿ ಫೋನಾದರೆ 0.2 ವ್ಯಾಟ್‌ವರೆಗೆ, ಏರುತ್ತದೆ. ಇವೆರಡರ ನಡುವಿನ ಅಂತರ ನೂರಾರು ಪಟ್ಟು ಇರಬಲ್ಲದು. ಮಲೆನಾಡಿನ ನಮ್ಮ ಹಳೆಯ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆಯ ಕಿಟಕಿಯ ಹಲಗೆಯ ಮೇಲೆ ಮಾತ್ರ. ಅತ್ತೆ ಅಲ್ಲಿಗೇ ತಲೆ ಬಾಗಿಸಿ, ಕಿವಿಗೆ ಒತ್ತಿ ಹಿಡಿದು ಮಾತಾಡುತ್ತಾರೆ, ಅಷ್ಟರಲ್ಲೇ ಸಿಗ್ನಲಿನ ಒಂದು ಗೀಟು ಬಂದು ಹೋಗುತ್ತಿರುತ್ತದೆ. ಪಟ್ಟಣದಲ್ಲಿ ಟವರಿನ ಎದುರಿರುವವರಿಗಿಂತ ಅವರ ತಲೆಗೆ ತಾಗುವ ತರಂಗ ಹೆಚ್ಚು, ಏಕೆಂದರೆ ಮೂಲ ಕಿವಿಗೇ ಅಂಟಿಕೊಂಡಿದೆ. ಅಂಥ ಹಳ್ಳಿಗಳ ಜನ ಟವರ್ ಬೇಕೆಂದು ಚುನಾವಣೆ ಬಹಿಷ್ಕರಿಸುವ ಮಾತಾಡಿದ್ದಾರೆ. ಅವರ ಬೇಡಿಕೆ ಆರೋಗ್ಯದ ದೃಷ್ಟಿಯಿಂದಲೂ ಸರಿಯಾದದ್ದೇ.

ತರಂಗಗಳಿಂದ ತಲೆನೋವು, ನಿದ್ದೆಗೇಡು ಎಂದು ನರಳುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ತರಂಗ ಹರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವವರಿಗೂ ಪರೀಕ್ಷೆಗೆ ಕೂತವರಿಗೂ ತಿಳಿಸದೆ ಹಲವು ದೇಶಗಳಲ್ಲಿ ಪ್ರಯೋಗಗಳು ನಡೆದಿವೆ. ಒಟ್ಟಿನಲ್ಲಿ ನೋಡಿದರೆ ಜನರಿಗೆ ಅದನ್ನು ಗುರುತಿಸಲಾಗಲಿಲ್ಲ; ಹರಿಯುತ್ತಿದೆಯೆಂದು ನಂಬಿದಾಗ, ಹರಿಯದಿದ್ದರೂ ನೋವು ಬಂತು. ನೋವು ನಿಜ, ಕಾರಣ ಬೇರೆ. ಆ ಬೇರೆ ಕಾರಣವನ್ನು ವೈದ್ಯರು ಹುಡುಕಬೇಕಾದ ಹೊತ್ತಿನಲ್ಲಿ ಫೋನಿನ ಹಿಂಬದಿಗೆ ಅಂಟಿಸುವ ಸ್ಟಿಕ್ಕರ್, ಕೊರಳಿಗೆ ಹಾಕುವ ಪದಕ ಕೊಳ್ಳುವಂತಾಗುವುದು ನನಗೆ ಸಂಕಟದ ವಿಷಯ. 2021ರ ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರವು, 5ಜಿಯಿಂದ ರಕ್ಷಿಸುತ್ತದೆಂದು ಮಾರುತ್ತಿದ್ದ ಪದಕ, ಬಳೆಗಳಂಥ ಹತ್ತು ವಸ್ತುಗಳು ಸ್ವತಃ ಅಯಾನೀಕರಿಸುವ ವಿಕಿರಣ (ಎಕ್ಸ್‌ರೇಯಂತೆ ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ತೆಗೆಯಬಲ್ಲದ್ದು) ಸೂಸುತ್ತಿವೆಯೆಂದು ಕಂಡು, ಧರಿಸಬೇಡಿ ಎಂದು ಜನರನ್ನು ಎಚ್ಚರಿಸಿತು.

ನಿಜವಾದ ಎಚ್ಚರಿಕೆ ಬೇಕಾದ ಒಂದು ಕಡೆಯಿದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಫೋನನ್ನು ಅದರಿಂದ 15 ಸೆಂಟಿಮೀಟರ್ ದೂರವಿಡಬೇಕು, ಅಂಗಿಯ ಮೇಲಿನ ಜೇಬಿನಲ್ಲಿ ಇಡಬಾರದು. ಫೋನಿನ ಆಯಸ್ಕಾಂತವೂ ತರಂಗವೂ ಆ ಯಂತ್ರಕ್ಕೆ ಅಡ್ಡಬರಬಹುದು. ಉಳಿದವರಲ್ಲಿ ಯಾರಿಗಾದರೂ ಮನಸ್ಸಿಗೆ ಸಮಾಧಾನವಿಲ್ಲವೆಂದರೆ ಸಿಗ್ನಲ್ ಕಡಿಮೆಯಿರುವ ಬಸ್ಸು, ಲಿಫ್ಟು, ನೆಲಮಾಳಿಗೆಗಳಲ್ಲಿ ಉದ್ದುದ್ದ ಮಾತು ಬೇಡ, ಮಾತಾಡಲೇಬೇಕಾದರೆ ಇಯರ್‌ಫೋನ್ ಹಾಕಿಕೊಳ್ಳಿ ಎನ್ನುತ್ತೇನೆ. ಟವರ್ ಬೇಡವೆಂಬ ಅರ್ಜಿಗೆ ಮಾತ್ರ ನಾನು ಸಹಿ ಹಾಕುವುದಿಲ್ಲ. ಅಳತೆ ಮಾಡಿಸಿ ಎಂಬ ಅರ್ಜಿಯಾದರೆ ಮೊದಲ ಸಹಿ ನನ್ನದು.