ಟೇಬಲ್ ಕೆಳಗೆ ಯಾರು ನೋಡ್ತಾರೆ

ಹೋದ ವಾರ ಪಕ್ಕದ ಮನೆ ಹುಡುಗಿ ಆಡಿದ ಒಂದು ಮಾತು ಇನ್ನೂ ತಲೆಯಿಂದ ಹೋಗ್ತಿಲ್ಲ, ಇಲ್ಲಿ ಬರೆದ್ರಾದ್ರೂ ಸ್ವಲ್ಪ ಹಗುರ ಆಗುತ್ತೇನೋ ಅಂತ ಕೂತಿದೀನಿ.

ನಾವಿರೋದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಕೆನ್ಸಿಂಗ್ಟನ್‌ನಲ್ಲಿ, ಪಕ್ಕಕ್ಕೇ ಬೊರೊ ಪಾರ್ಕ್. ಸಂಪ್ರದಾಯಸ್ಥ ಯಹೂದಿ ಕುಟುಂಬಗಳು ತುಂಬಿರೋ ಜಾಗ. ಆರು ವರ್ಷದ ಹಿಂದೆ ಪಕ್ಕದ ಮನೆಯವರು ಹೊಸ ಸ್ಕರ್ಟ್ ಹಿಡ್ಕೊಂಡು ಬಂದು, ಇದರ ಹಿಂದಿನ ಸೀಳು ಮುಚ್ಚಿಕೊಡ್ತೀರಾ ಅಂತ ಕೇಳಿದ್ರು. ಸುಮ್ನೆ ಹೊಲಿದು ಮುಚ್ಚಿದ್ರೆ ಹೆಜ್ಜೆ ಹಾಕೋಕಾಗಲ್ಲ ಅಂತ ಒಳಗಡೆ ಅದೇ ಬಣ್ಣದ ಬಟ್ಟೆ ಇಟ್ಟು ನೆರಿಗೆ ಮಾಡಿಕೊಟ್ಟೆ. ಅದನ್ನ ನೋಡಿ ಅವರ ತಂಗಿ ಬಂದ್ರು, ತಂಗಿಯ ಓರಗಿತ್ತಿ ಬಂದ್ರು, ಈಗ ಶುಕ್ರವಾರ ಮಧ್ಯಾಹ್ನ ಆದ್ರೆ ನಮ್ಮನೆ ಕಾಲಿಂಗ್ ಬೆಲ್‌ಗೆ ಪುರುಸೊತ್ತಿಲ್ಲ. ಸೂರ್ಯ ಮುಳುಗೋ ಮುಂಚೆ ಎಲ್ಲಾ ಬಟ್ಟೆ ಅವರ ಕೈ ಸೇರಬೇಕು, ಆಮೇಲೆ ಶನಿವಾರ ರಾತ್ರಿವರೆಗೂ ಶಬ್ಬಾತ್, ಅಂದ್ರೆ ಅವರ ವಾರದ ವಿಶ್ರಾಂತಿ ದಿನ. ಆ ದಿನ ಮಾಡಬಾರದ ಕೆಲಸ ಅಂತ 39 ಬಗೆ ಇವೆಯಂತೆ, ಹೊಲಿಯೋದೂ ಅದರಲ್ಲಿದೆ, ಎರಡೇ ಎರಡು ಹೊಲಿಗೆ ಹಾಕಿದ್ರೂ ಅದು ಕೆಲಸವೇ.

ಮೈ ಮುಚ್ಚೋ ಹಾಗೆ ಬಟ್ಟೆ ಹಾಕೋ ನಿಯಮಕ್ಕೆಲ್ಲ ಅವರು ತ್ಸ್ನಿಯಸ್ ಅಂತಾರೆ. ಕತ್ತು ಅಂದ್ರೆ ಕಾಲರ್‌ಬೋನ್ ಮುಚ್ಚಬೇಕು, ತೋಳು ಅಂದ್ರೆ ಮೊಣಕೈ ಮುಚ್ಚಬೇಕು, ಸ್ಕರ್ಟು ಮಂಡಿ ದಾಟಬೇಕು, ಕೆಲವು ಪಂಗಡದವರಿಗೆ ಮಂಡಿಯಿಂದ ಇನ್ನೂ 4 ಇಂಚು ಕೆಳಗಿರಬೇಕು. ಇಷ್ಟೇ ಆಗಿದ್ರೆ ಟೇಪ್ ಹಿಡಿದು ಯಾರು ಬೇಕಾದ್ರೂ ಹೊಲೀತಿದ್ರು. ಕಷ್ಟ ಇರೋದು ಮೈ ಅಲುಗಾಡುತ್ತಲ್ಲ ಅಲ್ಲಿ. ನಿಂತಾಗ ಮೊಣಕೈ ಮುಚ್ಚಿದ ತೋಳು ಮೇಲಿನ ಶೆಲ್ಫಿಗೆ ಕೈ ಚಾಚಿದ್ರೆ ಮೇಲೆ ಹೋಗ್ಬಿಡುತ್ತೆ, ಬಗ್ಗಿದ್ರೆ ಕತ್ತು ಸಡಿಲ ಆಗುತ್ತೆ, ಕೂತ್ರೆ ಸ್ಕರ್ಟಿನ ಮುಂಭಾಗ ಎರಡು ಮೂರು ಇಂಚು ಏರುತ್ತೆ. ಹಾಗಂತ ದೊಗಳೆ ಮಾಡಿದ್ರೆ ಯಾರೂ ಒಪ್ಪಲ್ಲ, ಚೆಂದವೂ ಇರಬೇಕು! ಅದಕ್ಕೇ ಟ್ರಯಲ್ ಅಂದ್ರೆ ಇಲ್ಲಿ ಕನ್ನಡಿ ಮುಂದೆ ನಿಲ್ಲೋದಲ್ಲ, ಕೂರಬೇಕು, ಬಗ್ಗಬೇಕು, ಕೈ ಎತ್ತಬೇಕು, ಕೊನೆಗೆ ಕಿಟಕಿ ಬೆಳಕಿಗೆ ನಿಂತು ಲೈನಿಂಗ್ ಸಾಲುತ್ತಾ ನೋಡಬೇಕು.

ಬಟ್ಟೆ ವಿಷಯದಲ್ಲೂ ಒಂದು ಪಾಠ ಕಲಿತೆ. ಒಂದ್ಸಲ ಉಣ್ಣೆ ಸ್ಕರ್ಟಿನ ಸೊಂಟದ ಪಟ್ಟಿ ಒಳಗೆ ನನ್ನ ಹತ್ರ ಉಳಿದಿದ್ದ ಲಿನನ್ ತುಂಡು ಹಾಕಿಬಿಟ್ಟೆ. ಉಣ್ಣೆ ಲಿನನ್ ಎರಡೂ ಒಂದೇ ಉಡುಪಲ್ಲಿ ಸೇರಬಾರದು ಅಂತ ಅವರ ಧರ್ಮಗ್ರಂಥದಲ್ಲೇ ಇದೆ, ಶಾಟ್ನೆಜ್ ಅಂತಾರೆ, ಅದನ್ನ ಮೈಕ್ರೋಸ್ಕೋಪ್ ಇಟ್ಟು ಪರೀಕ್ಷೆ ಮಾಡೋ ಜಾಗಗಳೇ ಇವೆ. ಸ್ಕರ್ಟ್ ಕೊಟ್ಟವರು ಒಂದು ಮಾತೂ ಬೈಲಿಲ್ಲ, ಆದ್ರೆ ಮುಖ ಸಣ್ಣಗಾಗಿದ್ದು ಕಂಡಿತು, ರಾತ್ರಿಯೆಲ್ಲ ಕೂತು ಬಿಚ್ಚಿ ಬೇರೆ ಹಾಕಿಕೊಟ್ಟೆ. ಆವತ್ತಿಂದ ಲೇಬಲ್ ಓದದೆ ಕತ್ತರಿ ಮುಟ್ಟಲ್ಲ.

ಈಗ ಆ ಹುಡುಗಿ ವಿಷಯ. ಹನ್ನೊಂದು ವರ್ಷ, ಅಕ್ಕನ ಮದುವೆಗೆ ಅಂತ ಅಂಗಡಿಯಿಂದ ತಂದ ನೀಲಿ ಗೌನು. ಅರ್ಧ ತೋಳು, ಅಗಲ ಕತ್ತು. ಹೊಂದೋ ಬಟ್ಟೆ ಹುಡುಕೋಕೆ ಮ್ಯಾನ್‌ಹಟನ್‌ನ ಗಾರ್ಮೆಂಟ್ ಡಿಸ್ಟ್ರಿಕ್ಟ್‌ಗೆ ಹೋಗಿಬಂದೆ. ಅಲ್ಲಿ ಸೆವೆಂತ್ ಅವೆನ್ಯೂನಲ್ಲಿ, ತಲೆ ಮೇಲೆ ಪುಟ್ಟ ಟೋಪಿ ಇಟ್ಕೊಂಡು ಹೊಲಿಗೆ ಮಷೀನ್ ಮುಂದೆ ಬಗ್ಗಿ ಕೂತ ಯಹೂದಿ ದರ್ಜಿಯ ಕಂಚಿನ ಪ್ರತಿಮೆ ಇದೆ, 1984ರದ್ದು. ಪ್ರತಿಮೆ ಅಂದ್ರೆ ಕುದುರೆ ಮೇಲೆ ಕತ್ತಿ ಹಿಡಿದೋರದ್ದೇ ನೋಡಿ ಬೆಳೆದ ನನಗೆ ಅದರ ಮುಂದೆ ಹೋದಾಗೆಲ್ಲ ಅಮ್ಮನ ಬಗ್ಗಿದ ಬೆನ್ನು ನೆನಪಾಗುತ್ತೆ.

ಗೌನಿಗೆ ತೋಳು, ಕತ್ತು ಎಲ್ಲಾ ಸರಿಹೋಯ್ತು. ಹುಡುಗಿ ಕುರ್ಚಿ ಮೇಲೆ ಕೂತಳು, ಮಂಡಿ ಒಂಚೂರು ಕಂಡಿತು. ಎರಡು ದಿನದಲ್ಲಿ ಮದುವೆ, ನನಗೂ ಸುಸ್ತು. "ಮದುವೇಲಿ ಹೆಂಗಸರು ಕೂರೋದೇ ಬೇರೆ ಕಡೆ ಅಲ್ವಾ ಪುಟ್ಟ, ಅದೂ ಟೇಬಲ್ ಮೇಲೆ ಬಟ್ಟೆ ಇಳಿಬಿಟ್ಟಿರ್ತಾರೆ, ಟೇಬಲ್ ಕೆಳಗೆ ಯಾರು ನೋಡ್ತಾರೆ" ಅಂದೆ.

"ನಾನಿರ್ತೀನಲ್ಲ ಅಲ್ಲಿ" ಅಂದಳು.

ಎದುರು ಮಾತಾಡೋ ಧಾಟಿಯಲ್ಲ, ನಾನು ಏನೋ ಮರೆತಿದೀನಿ ಅದನ್ನ ನೆನಪಿಸ್ತಿದಾಳೆ ಅನ್ನೋ ಥರ.

ನನಗೆ ಏನು ಹೇಳಬೇಕೋ ಗೊತ್ತಾಗ್ಲಿಲ್ಲ. ನಾನು ಬೆಳೆದಿದ್ದು ತಿಪಟೂರಲ್ಲಿ, ಅಲ್ಲಿ ನನ್ನ ಬಟ್ಟೆ ಬಗ್ಗೆ ಯಾರು ಏನೇ ಹೇಳಿದ್ರೂ ಅದರಲ್ಲಿ ನೋಡೋರು ಬೇರೆ ಯಾರೋ ಇರ್ತಿದ್ರು. ನಾಲ್ಕು ಜನ ಏನಂತಾರೆ, ವೇಲ್ ಸರಿ ಮಾಡ್ಕೋ ಮಾವ ಬಂದ್ರು, ಪಿನ್ ಹಾಕ್ಕೋ ಬಸ್ಸಲ್ಲಿ ಹೋಗ್ತೀಯ. ಮನೇಲಿ ನೈಟಿ, ಹಾಲಿನವನು ಬೆಲ್ ಮಾಡಿದ್ರೆ ಅದರ ಮೇಲೊಂದು ಟವೆಲ್, ಅವನು ಹೋದ್ಮೇಲೆ ಟವೆಲ್ ಮತ್ತೆ ಬಾಗಿಲ ಹಿಂದಿನ ಮೊಳೆಗೆ. ಪಿಯುಸಿನಲ್ಲಿ ಒಬ್ರು ಲೆಕ್ಚರರ್ ಕ್ಲಾಸೆಲ್ಲ ಕೂತಿರುವಾಗ ನನ್ನನ್ನ ಎಬ್ಬಿಸಿ ತೋಳು ಗಿಡ್ಡ ಅಂತ ಮನೆಗೆ ಕಳಿಸಿದ್ರು, ಅಮ್ಮನೇ ಹೊಲಿದ ಚೂಡಿದಾರ್ ಅದು. ಅಮ್ಮ ಅವತ್ತೂ ಅಂದಿದ್ದು ಜನ ನೋಡ್ತಾರೆ ಅಂತಲೇ. ನೀನು ನಿನಗೋಸ್ಕರ ಹೇಗಿರಬೇಕು ಅಂತ ಅನ್ಸುತ್ತೆ ಅಂತ ಒಬ್ಬರಾದ್ರೂ ಕೇಳಿದ್ದು ನೆನಪಿಲ್ಲ. ಇಲ್ಲಿ ಎಲ್ಲಾ ಸುಖ ಅಂತಲ್ಲ, ಆಗಸ್ಟ್ ಬಿಸಿಲಲ್ಲಿ ಉದ್ದ ತೋಳು ದಪ್ಪ ಕಾಲುಚೀಲದಲ್ಲಿ ಬೆವರೋ ಮಕ್ಕಳನ್ನ ನೋಡಿದ್ರೆ ಸಂಕಟ ಆಗುತ್ತೆ, ದೊಡ್ಡವಳಾದ್ಮೇಲೆ ಈ ಹುಡುಗಿಗೆ ಬೇರೆ ಥರ ಅನಿಸಿದ್ರೆ ಅದೆಷ್ಟು ಸುಲಭವೋ ಕಷ್ಟವೋ. ಆದ್ರೂ ಹನ್ನೊಂದು ವರ್ಷಕ್ಕೆ ತನ್ನನ್ನ ತಾನು ಲೆಕ್ಕಕ್ಕೆ ಹಿಡಿದಿದಾಳಲ್ಲ ಅದಕ್ಕೆ ಹೊಟ್ಟೆಕಿಚ್ಚಾಯ್ತು, ನಿಜ ಹೇಳ್ತಿದೀನಿ.

ಅಂಚು ಬಿಚ್ಚಿದೆ. ಮೊದಲೇ 4 ಇಂಚು ಒಳಗೆ ಮಡಿಚಿದ್ದೆ, ಬೆಳೆಯೋ ಹುಡುಗಿ ಮಾರ್ಜಿನ್ ಬಿಡು ಅನ್ನೋದು ಅಮ್ಮನ ಮಾತು. ಅವಳು ಹಾಕ್ಕೊಂಡಿದ್ದ ಹಾಗೇ ಒಂದು ಕಡೆ ಟಾಕಾ ಹಾಕೋಣ ಅಂತ ಸೂಜಿ ತಂದೆ, ಅವಳು ತಟಕ್ಕನೆ ಒಂದು ದಾರದ ತುಂಡು ಎತ್ತಿ ಬಾಯಿಗೆ ಹಾಕ್ಕೊಂಡು ಜಗಿಯೋಕೆ ಶುರು ಮಾಡಿದ್ಳು. ಮೈಮೇಲಿರೋ ಬಟ್ಟೆ ಹೊಲಿವಾಗ ದಾರ ಜಗೀಬೇಕಂತೆ, ಇಲ್ದಿದ್ರೆ ಬುದ್ಧಿಗೂ ಹೊಲಿಗೆ ಬೀಳುತ್ತಂತೆ. ನಮ್ಮಲ್ಲೂ ಮೈಮೇಲೆ ಹೊಲೀಬಾರ್ದು ಅಂತಾರೆ, ಬಿಚ್ಚಿಕೊಡು ಅಂತ ಅಮ್ಮ ಕೈಮೇಲೆ ಹೊಡೀತಿದ್ಳು ಅಂದೆ. ಹುಡುಗಿಗೆ ಭಾರೀ ಖುಷಿ, ಇಂಡಿಯಾದಲ್ಲೂನಾ ಅಂತ ಎರಡು ಸಲ ಕೇಳಿದ್ಳು.

ರಾತ್ರಿ ಕೈಯಲ್ಲೇ ಹೆಮ್ಮಿಂಗ್ ಮುಗಿಸಿ ಅಮ್ಮನಿಗೆ ವಿಡಿಯೋ ಕಾಲ್ ಮಾಡ್ದೆ, ಅಲ್ಲಿ ಬೆಳಗ್ಗೆ, ಕಾಫಿ ಲೋಟ ಕೈಯಲ್ಲೇ ಇತ್ತು. ಹುಡುಗಿ ಮಾತು ಹೇಳೋಣ ಅಂತಲೇ ಮಾಡಿದ್ದು. ಗೌನ್ ಎತ್ತಿ ಹಿಡಿದು ತೋರಿಸ್ದೆ, ನೀಲಿ ಚೆನ್ನಾಗಿದೆ ಅಂದಳು, ತೋಳು ಸರಿಯಾಗಿ ಕೂತಿದೆ ಅಂದಳು. ಆಮೇಲೆ ಕನ್ನಡಕ ಹಾಕ್ಕೊಂಡು ಫೋನ್ ಹತ್ರಕ್ಕೆ ತಂದು, "ತಿರುಗಿಸು, ಒಳಗಡೆ ತೋರ್ಸು" ಅಂದಳು.